ಇಸಿಟಿ ಆದಮೇಲಿನ ಒಂದು ತಾಸು: ಧಾರವಾಡದ ಆಸ್ಪತ್ರೆಯೊಂದರ ಬಗ್ಗೆ

ನಮ್ಮವ್ವನಿಗೆ ತೀವ್ರ ಖಿನ್ನತೆ. ಊಟ ಬಿಟ್ಟು, ಮಾತು ಬಿಟ್ಟು ಗ್ವಾಡಿಗೆ ಮುಖ ಮಾಡಿ ಮಲಗಿರುತ್ತಿದ್ದಳು. ಧಾರವಾಡದ ಆಸ್ಪತ್ರೆಯೊಂದರಲ್ಲಿ ಇಸಿಟಿ, ಅಂದರೆ ತಲೆಗೆ ಸ್ವಲ್ಪ ವಿದ್ಯುತ್ ಹಾಯಿಸುವ, ಜನ ಕರೆಂಟ್ ಚಿಕಿತ್ಸೆ ಅನ್ನುವ ಚಿಕಿತ್ಸೆ, ಕೊಡಿಸಿದೆವು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಟ್ಟೇ ಮಾಡಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅವೆರಡಿಲ್ಲದೆ ಮಾಡುವಂತೆಯೇ ಇಲ್ಲ.

ಎಚ್ಚರವಾದ ಅವ್ವ ನನ್ನನ್ನೇ "ನೀವ್ ಯಾರ್ರಿ?" ಅಂದಳು. ಕೈಯಲ್ಲಿದ್ದ ಸಲೈನ್ ಸೂಜಿ ಕೀಳಲು ಹೋದಳು. ಸಿಸ್ಟರ್ ಗದರಲಿಲ್ಲ. ಪಕ್ಕಕ್ಕೆ ಹೊರಳಿಸಿ, ಭುಜದ ಮೇಲೆ ಕೈಯಿಟ್ಟು, "ಅವ್ವಾರ, ದವಾಖಾನ್ಯಾಗ ಅದೀರಿ. ಮಗಳು ಇಲ್ಲೇ ಅದಾಳ" ಅಂತ ಮತ್ತೆ ಮತ್ತೆ ಮೆಲ್ಲಗೆ ಹೇಳಿದರು. ಹೆಸರು, ಊರು, ವಾರ ಕೇಳುತ್ತಿದ್ದರು. ಗಂಟಲಲ್ಲಿ ಸಿಕ್ಕೀತೆಂದು, ಸರಿ ಉತ್ತರ ಬರುವವರೆಗೆ ಒಂದು ಗುಟುಕು ಚಹಾ ಸಹ ಕೊಡಲಿಲ್ಲ. ಇಂಥ ಆರೈಕೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಆದರೆ ಎಚ್ಚರವಾದಾಗ ಹೀಗೆ ಗೊಂದಲವಾಗುತ್ತದೆ, ಸಾಮಾನ್ಯವಾಗಿ ತಾಸಿನೊಳಗೆ ಇಳಿಯುತ್ತದೆ ಎಂದು ಮೊದಲೇ ಯಾರೂ ಹೇಳಿರಲಿಲ್ಲ. ಅಪ್ಪ ಹೊರಗೆ ಬೆಂಚಿನ ಮೇಲೆ ನಡುಗುತ್ತಾ ಕೂತಿದ್ದರು. ಕನ್ನಡದಲ್ಲಿ ಒಂದು ಹಾಳೆ ಬರೆದುಕೊಟ್ಟಿದ್ದರೂ ಸಾಕಿತ್ತು. ಗೊಂದಲದ ಬಗ್ಗೆ ಹೇಳಿದ ಮೇಲೆ ಡಾಕ್ಟರು ಮುಂದಿನ ಸಲದಿಂದ ಕರೆಂಟನ್ನು ತಲೆಯ ಎರಡೂ ಬದಿಯ ಬದಲು ಬಲಬದಿಗಷ್ಟೇ ಕೊಡತೊಡಗಿದರು. ಹಾಗೆ ಕೊಟ್ಟರೆ ಗೊಂದಲ ಕಡಿಮೆಯಂತೆ, ನಮಗೂ ಹಾಗೇ ಆಯಿತು.

ಅವ್ವ ಈಗ ತನ್ನ ಕೈಯಾರೆ ರೊಟ್ಟಿ ಬಡಿಯುತ್ತಾಳೆ. ತಂಗಿಯ ಸೀಮಂತ ಮಾತ್ರ ನೆನಪಿಲ್ಲ. ಹಿಂದಿನ ಕೆಲವು ನೆನಪು ಹೋಗಬಹುದು ಎಂಬುದನ್ನು ಸಹಿ ಹಾಕಿಸುವ ಮುಂಚೆಯೇ ಮನೆಯವರನ್ನು ಕೂರಿಸಿ ಹೇಳಬೇಕು. ಅಲ್ಲಿಗೆ ಹೋಗುವವರು ನೀವಾಗಿಯೇ ಕೇಳಿರಿ.