ಬಾಸೆಲ್‌ನಲ್ಲಿ ಇಳಿಯದೆ ಕಳೆದುಕೊಂಡ ದುಡ್ಡು

ಜರ್ಮನಿಗೆ ಅಪ್ಪ-ಅಮ್ಮನನ್ನು ಕರೆಸಿಕೊಂಡು, ವಾಪಸ್ ಟಿಕೆಟ್ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಿಂದ ಮಾಡಿಸಿದ್ದೀರಾ? ಇಲ್ಲಿ ಕೊಂಡ ಸಾಮಾನಿನ ತೆರಿಗೆ ವಾಪಸ್ ಬೇಕಿದ್ದರೆ ಇದನ್ನು ಓದಿ.

ನಾನಿರುವುದು ಫ್ರೈಬುರ್ಗ್‌ನಲ್ಲಿ. ಹೊರಡುವ ಹಿಂದಿನ ವಾರ ಅಮ್ಮ ಸ್ಟೀಲ್ ಪಾತ್ರೆ ಸೆಟ್ಟು, ಕುಕ್ಕರ್, ತಂಗಿಗೊಂದು ಬಾಣಲೆ ಅಂತ 640 ಯೂರೋ ಸಾಮಾನು ಕೊಂಡರು. ಅದರೊಳಗೇ ಸೇರಿದ್ದ ತೆರಿಗೆ (ಮೂಲ ಬೆಲೆಯ ಮೇಲೆ 19%) 102 ಯೂರೋ. ಯುರೋಪಿಯನ್ ಒಕ್ಕೂಟದ ಹೊರಗೆ ವಾಸ ಮಾಡುವವರ ಬಿಲ್ಲು 50 ಯೂರೋ ದಾಟಿದರೆ, ತೆರಿಗೆ ವಾಪಸ್ ಕೊಡಿಸುವ ಏಜೆಂಟರ ಕಮಿಷನ್ ಕಳೆದು ಉಳಿದದ್ದು ವಾಪಸ್ ಬರುತ್ತದೆ. ಅಂಗಡಿಯವರು ಅಮ್ಮನ ಪಾಸ್‌ಪೋರ್ಟ್ ನೋಡಿ ಫಾರಂ ತುಂಬಿಕೊಟ್ಟು, "ಏರ್‌ಪೋರ್ಟ್‌ನಲ್ಲಿ ಕಸ್ಟಮ್ಸ್ ಸೀಲ್ ಹಾಕಿಸಿ" ಅಂದರು. ಯಾವ ಏರ್‌ಪೋರ್ಟ್ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜ್ಯೂರಿಕ್ ಕಡೆಯ ಟ್ರೈನು ಗಡಿಯ ಸ್ವಿಸ್ ಊರು ಬಾಸೆಲ್‌ನ ಬಾಡಿಶರ್ ಸ್ಟೇಷನ್‌ನಲ್ಲಿ ನಾಲ್ಕೈದು ನಿಮಿಷ ನಿಂತಿತು. ಅಪ್ಪ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ಮುಂದಿನ ಕನೆಕ್ಷನ್ ಟ್ರೈನುಗಳನ್ನೆಲ್ಲ ಮೈಕಿನಲ್ಲಿ ಒದರಿದರು, ಸೀಲಿನ ಬಗ್ಗೆ ಒಂದು ಮಾತಿಲ್ಲ. ಆಮೇಲೆ ಯೂನಿಫಾರ್ಮಿನವರಿಬ್ಬರು ಬಂದು ಪಕ್ಕದ ಸಾಲಿನ ಹುಡುಗನ ಬ್ಯಾಗ್ ತೆಗೆಸಿ ನೋಡಿ, ನಮ್ಮ ಕಡೆ ಕಣ್ಣೂ ಹಾಯಿಸದೆ ಹೋದರು. ನಮಗೆ ನಿರಾಳ!

ಜ್ಯೂರಿಕ್ ಏರ್‌ಪೋರ್ಟ್ ಕೌಂಟರಿನಲ್ಲಿದ್ದಾಕೆ ಫಾರಂ ತಿರುಗಿಸಿ ನೋಡಿ ವಾಪಸ್ ಕೊಟ್ಟಳು. "ಇದು ಜರ್ಮನಿಯ ಫಾರಂ, ಸೀಲ್ ಬಾಸೆಲ್‌ನಲ್ಲೇ ಹಾಕಿಸಬೇಕಿತ್ತು." ಸ್ವಿಟ್ಜರ್‌ಲೆಂಡ್ 2008ರಿಂದ ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪಾದ ಷೆಂಗೆನ್‌ನಲ್ಲಿದೆ ನಿಜ, ಆದರೆ ಒಕ್ಕೂಟದ ಸುಂಕದ ಗಡಿಯೊಳಗಿಲ್ಲ. ಹಾಗಾಗಿ ಸಾಮಾನು ಒಕ್ಕೂಟ ಬಿಡುವ ಜಾಗದಲ್ಲೇ ಸೀಲ್ ಬೀಳಬೇಕು. ವೀಸಾಗೆ ಇಲ್ಲದ ಗಡಿ ಕುಕ್ಕರಿಗೆ ಇದೆ!

"ಅಲ್ಲ ಕಣೋ, ದಾರೀಲಿ ಯಾರೂ ಕೇಳ್ಲೇ ಇಲ್ವಲ್ಲೋ?" ಅಂದರು ಅಮ್ಮ. ಕೇಳುವುದಿಲ್ಲ, ಟ್ರೈನಿನಲ್ಲಿ ನಡೆಯುವುದೇ ಹಾಗೆ. ವಿಮಾನಕ್ಕಾದರೆ ಕಸ್ಟಮ್ಸ್ ಬೋರ್ಡು ಎದುರಿಗೇ ಸಿಗುತ್ತದೆ. ಇಲ್ಲಿ ನೀವಾಗಿಯೇ ಇಳಿದು ಹುಡುಕಿಕೊಂಡು ಹೋಗಬೇಕು.

ಹಾಗಾಗಿ ಬಾಡಿಶರ್‌ನಲ್ಲಿ ಇಳಿಯಿರಿ. ಊರು ಸ್ವಿಸ್ ಆದರೂ ಸ್ಟೇಷನ್ ನಡೆಸುವುದು ಜರ್ಮನ್ ರೈಲ್ವೆ, ಜರ್ಮನ್ ಕಸ್ಟಮ್ಸ್ ಸಿಗುವುದೂ ಅಲ್ಲೇ. ಮುಂದಿನ ಸ್ಟಾಪ್, ಸ್ವಿಸ್ ರೈಲ್ವೆಯ ಬಾಸೆಲ್ ಎಸ್‌ಬಿಬಿ ಐದಾರು ನಿಮಿಷದ ದಾರಿ, ಅಲ್ಲಿಗೆ ಹೋದರೆ ಕೆಲಸ ಕೆಟ್ಟಿತು. ಕಚೇರಿ ತೆರೆದಿರುವ ಸಮಯ ಮೊದಲೇ ನೋಡಿಕೊಂಡು, ಒಂದು ಟ್ರೈನು ಬಿಟ್ಟು ಮುಂದಿನದಕ್ಕೆ ಟಿಕೆಟ್ ಮಾಡಿಸಿ. ಸಾಮಾನು ಬಳಸಿರಬಾರದು, ತೋರಿಸಲೂ ಬೇಕು. ನಮ್ಮ ಕುಕ್ಕರ್ ಸೂಟ್‌ಕೇಸಿನ ತಳದಲ್ಲಿ, ಸ್ವೆಟರುಗಳ ಕೆಳಗಿತ್ತು. ಇಳಿದಿದ್ದರೂ ಅಷ್ಟು ಹೊತ್ತಿಗೆ ತೆಗೆಯಲಾಗುತ್ತಿರಲಿಲ್ಲ.

ಇನ್ನೊಂದು ಆಮೇಲೆ ಗೊತ್ತಾಗಿದ್ದು: ತೆರಿಗೆ ಕಟ್ಟದೆ ಸ್ವಿಸ್ ಗಡಿಯೊಳಗೆ ಒಯ್ಯಬಹುದಾದ ಸಾಮಾನಿನ ಮಿತಿ 2025ರ ಜನವರಿ 1ರಿಂದ ತಲೆಗೆ 300 ಫ್ರಾಂಕ್‌ನಿಂದ 150ಕ್ಕೆ ಇಳಿದಿದೆ. ನಾವು ಅದನ್ನೂ ಮೀರಿದ್ದೆವು, ಅದನ್ನೂ ಹೇಳಿರಲಿಲ್ಲ. ಆ ಹುಡುಗನ ಬದಲು ನಮ್ಮ ಸೂಟ್‌ಕೇಸ್ ತೆಗೆಸಿದ್ದರೆ?

ಬೇಸಿಗೆಗೆ ಅತ್ತೆ-ಮಾವ ಬರುತ್ತಿದ್ದಾರೆ. ವಾಪಸ್ ಟಿಕೆಟ್ ಫ್ರಾಂಕ್‌ಫರ್ಟ್‌ನಿಂದಲೇ ಮಾಡಿಸಿದ್ದೇನೆ.