ಮಣಿಕಟ್ಟಿನ ಮೂಳೆಗೆ ಸ್ಕ್ರೂ ಹಾಕಿಸುವ ಮುಂಚೆ ಇದನ್ನು ಓದಿ

ಹೆಬ್ಬೆರಳನ್ನು ಬಿಗಿಯಾಗಿ ಹಿಂದಕ್ಕೆ ಎತ್ತಿ ಹಿಡಿಯಿರಿ. ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕಕ್ಕೆ, ಒಂದು ಸಣ್ಣ ಗುಳಿ ಬೀಳುತ್ತದೆ. ಕೈ ಊರಿ ಬಿದ್ದವರಿಗೆ ಆ ಗುಳಿಯಲ್ಲಿ ಒತ್ತಿದಾಗ ಜೀವ ಹೋಗುವ ಹಾಗೆ ನೋವಾದರೆ, ಎಕ್ಸ್‌ರೇ ಏನೇ ಹೇಳಲಿ, ಒಳಗಿರುವ ಸ್ಕೇಫಾಯ್ಡ್ ಮೂಳೆ ಮುರಿದಿದೆ ಅಂತಲೇ ಅನುಮಾನ ಪಡಬೇಕು. ಇದೇನೂ ದೊಡ್ಡ ಗುಟ್ಟಲ್ಲ. ಮೂಳೆ ಡಾಕ್ಟರುಗಳಿಗೆಲ್ಲ ಗೊತ್ತಿರುವ ವಿಷಯ. ಆದರೆ ನನ್ನ ತಮ್ಮ ಬೈಕಿನಿಂದ ಬಿದ್ದ ದಿನ ಅವನ ಆ ಗುಳಿಯನ್ನು ಒತ್ತಿ ನೋಡಿದವರು ಯಾರೂ ಇಲ್ಲ.

ಮಳೆಗಾಲ. ಹರಿಹರದಿಂದ ದಾವಣಗೆರೆಗೆ ಬರುವಾಗ ಗಾಡಿ ಸ್ಕಿಡ್ ಆಯಿತು, ಬಲಗೈ ಊರಿ ಬಿದ್ದ. ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದರು. "ಮೂಳೆಗೆ ಏನೂ ಆಗಿಲ್ಲ ಕಣಮ್ಮಾ, ಬರೀ ಉಳುಕು" ಅಂದರು. ಕ್ರೇಪ್ ಬ್ಯಾಂಡೇಜು, ನೋವಿನ ಮಾತ್ರೆ, ಅಷ್ಟೇ. ಈ ಮೂಳೆಯ ಹೊಸ ಮುರಿತ ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಮಾಮೂಲು. ಹಾಗಾಗಿಯೇ ಅನುಮಾನ ಇದ್ದರೆ ಕೈ ಅಲುಗದ ಹಾಗೆ ಕಟ್ಟು ಹಾಕಿ, 10-14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಯುತ್ತಾರೆ. ಕಾಯುವುದು ಬೇಡ ಅಂದರೆ ನೇರ ಎಂಆರ್‌ಐ. ನಮಗೆ "ಮತ್ತೆ ಬನ್ನಿ" ಅಂತ ಕೂಡ ಹೇಳಲಿಲ್ಲ.

ಊತ ಇಳಿಯಿತು, ನೋವು ಕಡಿಮೆ ಆಯಿತು, ಎಲ್ಲರೂ ಮರೆತೆವು. ಕೆಲವು ತಿಂಗಳ ಮೇಲೆ ಒಂದು ದಿನ, "ಅಕ್ಕಾ, ಎಕ್ಸಲೇಟರ್ ತಿರುಗಿಸೋಕೆ ಆಗ್ತಿಲ್ಲ, ಕೈಯಲ್ಲಿ ಏನೋ ಚುಚ್ಚುತ್ತೆ" ಅಂದ. ಈ ಸಲ ಎಕ್ಸ್‌ರೇಯಲ್ಲಿ ಮುರಿತ ನನ್ನ ಕಣ್ಣಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಮೂಳೆ ಕೂಡಿರಲೇ ಇಲ್ಲ.

ಯಾಕೆ ಕೂಡುವುದಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಈ ಮೂಳೆ ಸುಮಾರು 3 ಸೆಂಟಿಮೀಟರ್ ಉದ್ದ ಇರಬಹುದು, ಅಷ್ಟೇ. ಅದಕ್ಕೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ ಒಳಹೋಗಿ, ಹಿಂದಕ್ಕೆ ಮುಂಗೈ ಕಡೆಗೆ ಹರಿಯುತ್ತದೆ. ನಮ್ಮ ಭದ್ರಾ ನಾಲೆ ನಡುವೆ ಒಡೆದರೆ ಕೊನೇ ಭಾಗದ ಗದ್ದೆಗಳಿಗೆ ನೀರು ಹೋಗುವುದಿಲ್ಲ ಅಲ್ವಾ, ಹಾಗೆ. ಮೂಳೆ ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ಸಾಲುವುದಿಲ್ಲ. ಮುರಿತ ಆ ತುದಿಗೆ ಹತ್ತಿರ ಆದಷ್ಟೂ ಅಪಾಯ ಜಾಸ್ತಿ. ತುಂಡು ಸತ್ತೇ ಹೋಗಬಹುದು.

ಇಷ್ಟನ್ನು ನಮಗೆ ಹೇಳಿದ್ದು ಎರಡನೇ ಆಪರೇಷನ್ ಮಾಡಿದ ಡಾಕ್ಟರ್. ಮೊದಲ ಆಪರೇಷನ್ ಮಾಡಿದವರು ಹೇಳಿದ್ದು, "ಒಂದು ಸ್ಕ್ರೂ ಹಾಕಿಬಿಡೋಣ, ಸಣ್ಣ ತೂತು ಸಾಕು, ನಾಳೆ ಮನೆಗೆ ಹೋಗಬಹುದು." ಸಿಟಿ ಸ್ಕ್ಯಾನ್ ಇಲ್ಲ, ಎಂಆರ್‌ಐ ಇಲ್ಲ. ಹಳೇ ಎಕ್ಸ್‌ರೇ ಕಿಟಕಿಗೆ ಹಿಡಿದು ನೋಡಿದರು, ಮುಗಿಯಿತು. ಅಮ್ಮ "ಎಷ್ಟು ದಿನಕ್ಕೆ ಕೂಡುತ್ತೆ ಸಾರ್?" ಅಂತ ಕೇಳಿದ್ದಕ್ಕೆ "ಹುಡುಗ ಚಿಕ್ಕವನು, ಕೂಡುತ್ತೆ ಬಿಡಿ" ಅಂದರು. ಆ ಮಾತಿಗೇ ನಮಗೆ ಧೈರ್ಯ ಬಂದಿತ್ತು.

ಸ್ಕ್ರೂ ಬಗ್ಗೆ ನನಗೆ ತಕರಾರಿಲ್ಲ. ಸಿಡ್ನಿಯ ಟಿಮೊಥಿ ಹರ್ಬರ್ಟ್ ಅನ್ನುವ ಸರ್ಜನ್ 1984ರಲ್ಲಿ ಈ ಬಗೆಯ ಸ್ಕ್ರೂ ಕುರಿತು ಬರೆದ ಮೇಲೆ ಸ್ಕೇಫಾಯ್ಡ್ ಆಪರೇಷನ್ನಿನ ರೀತಿಯೇ ಬದಲಾಯಿತು. ಅದಕ್ಕೆ ತಲೆಯೇ ಇರುವುದಿಲ್ಲ, ಪೂರ್ತಿ ಮೂಳೆಯೊಳಗೆ ಹುದುಗಿಕೊಳ್ಳುತ್ತದೆ. ಎರಡು ತುದಿಯಲ್ಲೂ ಮರೆ, ಅಂದರೆ ಸ್ಕ್ರೂವಿನ ಸುತ್ತುಗೆರೆ, ಇದೆ, ಆದರೆ ಒಂದರ ಮರೆ ಅಗಲ, ಇನ್ನೊಂದರದು ಒತ್ತೊತ್ತು. ಹಾಗಾಗಿ ತಿರುಗಿಸುತ್ತಾ ಹೋದರೆ ಎರಡು ತುಂಡೂ ಹತ್ತಿರ ಬಂದು ಬಿಗಿಯುತ್ತವೆ. ತಾಜಾ ಮುರಿತಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ತಮ್ಮನದು ತಿಂಗಳುಗಟ್ಟಲೆ ಅಲುಗಾಡಿದ ಮುರಿತ. ನಡುವೆ ಮೂಳೆ ಸವೆದು ಸಂದಿ ಬಿದ್ದಿತ್ತು. ಅಂಥ ಕಡೆ ಸಂದಿಯನ್ನು ಕೆರೆದು, ಸೊಂಟದ ಮೂಳೆಯಿಂದಲೋ ಮುಂಗೈ ಮೂಳೆಯಿಂದಲೋ ತುಂಡು ತೆಗೆದು ತುಂಬಬೇಕು, ಆಮೇಲೆ ಸ್ಕ್ರೂ. ತುಂಬದೆ ಸ್ಕ್ರೂ ಹಾಕಿದ್ದು ಸುಮ್ನೆ ಖಾಲಿ ಜಾಗ ಬಿಗಿದ ಹಾಗಾಯಿತು.

ಕಟ್ಟು ಬಿಚ್ಚಿದ ಮೇಲೂ ನೋವು ಹೋಗಲಿಲ್ಲ. ಕೈ ಹಿಂದಕ್ಕೆ ಬಗ್ಗಿಸಿದರೆ ಒಳಗೆ ಕರ್ ಅನ್ನುತ್ತಿತ್ತು. "ಫಿಸಿಯೋಥೆರಪಿ ಮಾಡಿಸಿ" ಅಂತ ಕಳಿಸಿದರು. ಕೂಡದ ಮೂಳೆಗೆ ಫಿಸಿಯೋಥೆರಪಿ! ಕೊನೆಗೆ ಬೆಂಗಳೂರಿನಲ್ಲಿ ಕೈ ಆಪರೇಷನ್ ಮಾತ್ರ ಮಾಡುವ ಹ್ಯಾಂಡ್ ಸರ್ಜನ್ ಹತ್ತಿರ ಹೋದೆವು. ಅವರು ಮೊದಲು ಮಾಡಿಸಿದ್ದೇ ಸಿಟಿ. ಮೂಳೆ ಕೂಡಿಲ್ಲ, ನಡುವೆ ಗೂನು ಬಾಗಿದೆ, ಸ್ಕ್ರೂ ತುದಿ ಮೂಳೆಯಿಂದ ಹೊರಗೆ ಕೀಲಿನೊಳಕ್ಕೆ ಇಣುಕಿದೆ. ಆ ಕರ್ ಸದ್ದು ಅದರದೇ. ಹೀಗೇ ಬಿಟ್ಟರೆ ಮಣಿಕಟ್ಟು ಪೂರಾ ಸವೆಯುತ್ತದೆ, ಆಮೇಲೆ ಕೆಲವು ಮೂಳೆ ತೆಗೆಯುವುದೋ ಒಂದಕ್ಕೊಂದು ಬೆಸೆಯುವುದೋ ಮಾತ್ರ ಉಳಿಯುತ್ತದೆ ಅಂದರು. ಒಳಗೆ ಲೋಹ ಇದ್ದದ್ದರಿಂದ ರಕ್ತ ಬರುತ್ತಿದೆಯಾ ಅಂತ ಎಂಆರ್‌ಐಯಲ್ಲಿ ನೋಡುವುದೂ ಕಷ್ಟವಾಯಿತು. "ಒಳಗೆ ತೆರೆದಾಗ ಆ ತುಂಡಿನಲ್ಲಿ ರಕ್ತ ಜಿನುಗುತ್ತಾ ಅಂತ ನೋಡ್ತೀನಿ. ಜಿನುಗದಿದ್ದರೆ ರಕ್ತನಾಳ ಸಮೇತ ಮೂಳೆ ತುಂಡು ಇಡಬೇಕಾಗುತ್ತೆ" ಅಂದರು. ಮೊದಲೇ ಎಂಆರ್‌ಐ ಮಾಡಿದ್ದರೆ ಈ ಗೊಂದಲ ಇರುತ್ತಿರಲಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರವೇ ಇರಲಿಲ್ಲ. "ಯಾವ ಕಂಪನಿ ಸ್ಕ್ರೂ? ಸೈಜ್ ಎಷ್ಟು?" ಒಂದೊಂದು ಕಂಪನಿಯ ಸ್ಕ್ರೂಗೆ ಒಂದೊಂದು ಥರದ ಡ್ರೈವರ್ ಬೇಕಂತೆ. ಸರಿ ಹೊಂದದ್ದನ್ನು ಹಾಕಿ ತಿರುಗಿಸಿದರೆ ಒಳಗಿನ ಹಳ್ಳ ಸವೆದು, ಸ್ಕ್ರೂ ತೆಗೆಯಲು ಮೂಳೆಯನ್ನೇ ಕೊರೆಯಬೇಕಾಗುತ್ತದೆ. ನಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಇದ್ದದ್ದು "ಸ್ಕ್ರೂ ಹಾಕಲಾಗಿದೆ" ಅಂತ ಒಂದೇ ಸಾಲು.

ಮೊದಲ ಆಸ್ಪತ್ರೆಗೆ ಹೋದರೆ ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ "ಬಿಲ್ ಕಾಪಿ ಕೊಡ್ತೀನಿ ಮೇಡಂ" ಅಂದಳು. ಬಿಲ್ಲಿನಲ್ಲಿ ಬರೀ "ಇಂಪ್ಲಾಂಟ್". ರೆಕಾರ್ಡ್ ರೂಮಿಗೆ ಕಳಿಸಿದರು, ಬೀಗ ಹಾಕಿತ್ತು. ಡಾಕ್ಟರ್ ರಜೆಯಲ್ಲಿದ್ದರು. ಪರಿಚಯದ ವಕೀಲರೊಬ್ಬರು ಹೇಳಿದ ಮೇಲೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟೆವು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಈ ಸಾಲನ್ನು ಅರ್ಜಿಯಲ್ಲಿ ಬರೆದು, ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆವು. ಅದಾದ ಮೇಲೆ ಕೇಸ್ ಶೀಟ್ ಸಿಕ್ಕಿತು. ಅದರ ಹಿಂದಿನ ಹಾಳೆಯಲ್ಲಿ ಸ್ಕ್ರೂ ಪ್ಯಾಕೆಟ್ಟಿನ ಸ್ಟಿಕ್ಕರ್ ಅಂಟಿಸಿತ್ತು, ಕಂಪನಿ, ಉದ್ದ, ಬ್ಯಾಚ್ ನಂಬರ್ ಸಮೇತ. ಆಪರೇಷನ್ ಮಾಡಿಸಿದವರು ಮನೆಗೆ ಹೊರಡುವ ದಿನವೇ ಆ ಸ್ಟಿಕ್ಕರಿನ ಫೋಟೋ ಮತ್ತು ಆಪರೇಷನ್ ನೋಟ್ಸ್ ಕೇಳಿ ತೆಗೆದುಕೊಳ್ಳಿ. ಸ್ಕ್ಯಾನಿನ ಸಿಡಿಯನ್ನೂ ಬಿಡಬೇಡಿ, ಬರೀ ರಿಪೋರ್ಟ್ ಸಾಲದು.

ಎರಡನೇ ಆಪರೇಷನ್‌ನಲ್ಲಿ ಹಳೇ ಸ್ಕ್ರೂ ತೆಗೆದರು. ಪುಣ್ಯಕ್ಕೆ ತುಂಡಿನಲ್ಲಿ ರಕ್ತ ಜಿನುಗಿತು. ಸೊಂಟದಿಂದ ಮೂಳೆ ತೆಗೆದು ತುಂಬಿ, ಬೇರೆ ಸ್ಕ್ರೂ ಹಾಕಿದರು. ಕೈಗಿಂತ ಸೊಂಟವೇ ಅವನಿಗೆ ಜಾಸ್ತಿ ನೋವು ಕೊಟ್ಟಿತು, ಕೆಮ್ಮಿದರೂ ಹಿಡಿದುಕೊಳ್ಳುತ್ತಿದ್ದ. ಇದನ್ನು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಸಿಗರೇಟು ಪೂರ್ತಿ ಬಂದ್, ಅದು ಮೂಳೆ ಕೂಡುವುದಕ್ಕೆ ಅಡ್ಡಿ. ಎಕ್ಸ್‌ರೇ ನಂಬದೆ ಸಿಟಿಯಲ್ಲಿ ಕೂಡಿರುವುದನ್ನು ನೋಡಿದ ಮೇಲೇ ಭಾರ ಎತ್ತಲು ಬಿಟ್ಟರು. ಈಗ ಗಾಡಿ ಓಡಿಸುತ್ತಾನೆ. ಮಣಿಕಟ್ಟು ಮಾತ್ರ ಮೊದಲಿನಷ್ಟು ಹಿಂದಕ್ಕೆ ಬಾಗುವುದಿಲ್ಲ, ಇನ್ನು ಮುಂದೆಯೂ ಅಷ್ಟು ಬಾಗುವುದಿಲ್ಲ ಅಂದಿದ್ದಾರೆ.

ಇದನ್ನು ಓದಿ ಹೆದರಿ, ಬಿದ್ದ ಕೂಡಲೇ ಆಪರೇಷನ್‌ಗೆ ಓಡುವುದೂ ಬೇಡ. ಬ್ರಿಟನ್ನಿನಲ್ಲಿ 439 ಜನರನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನವೊಂದು 2020ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೂಳೆಯ ನಡುಭಾಗ ಮುರಿದು, ತುಂಡುಗಳು 2 ಮಿಲಿಮೀಟರಿಗಿಂತ ಜಾಸ್ತಿ ಜರುಗದೇ ಇದ್ದವರಲ್ಲಿ, ಮೊದಲೇ ಸ್ಕ್ರೂ ಹಾಕಿಸಿಕೊಂಡವರಿಗೂ ಪ್ಲಾಸ್ಟರ್ ಹಾಕಿಸಿಕೊಂಡವರಿಗೂ ಒಂದು ವರ್ಷದ ಮೇಲೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಪ್ಲಾಸ್ಟರಿನಲ್ಲಿ ಕೂಡದವರಿಗೆ ತಡಮಾಡದೆ ಸ್ಕ್ರೂ ಹಾಕಬೇಕು, ಅದು ಅದರ ಜೊತೆಗಿರುವ ಷರತ್ತು. ಮುಂಗೈ ಕಡೆಯ ತುದಿ ಮುರಿದಿದ್ದರೆ, ತುಂಡು ಜಾಸ್ತಿ ಜರುಗಿದ್ದರೆ ಲೆಕ್ಕ ಬೇರೆ, ಆಗ ಆಪರೇಷನ್ನೇ ಒಳ್ಳೆಯದು ಅನ್ನುತ್ತಾರೆ. ನಿಮ್ಮದು ಯಾವುದು ಅಂತ ಡಾಕ್ಟರನ್ನು ಕೇಳಿ. ಮುರಿತ ಹಳೆಯದಾಗಿದ್ದರೆ, "ಸಂದಿಗೆ ಏನು ತುಂಬ್ತೀರಾ? ಆ ತುಂಡಿಗೆ ರಕ್ತ ಇದೆಯಾ?" ಅಂತಲೂ ಕೇಳಿ. ಈ ಪ್ರಶ್ನೆಗೆ ಸಿಡುಕುವವರ ಹತ್ತಿರ ಕೈ ಕೊಡಬೇಡಿ.

ಆಸ್ಪತ್ರೆ ಯಾವುದು ಅಂತ ತುಂಬಾ ಜನ ಕೇಳುತ್ತಿದ್ದಾರೆ. ಫೈಲು ವಕೀಲರ ಹತ್ತಿರ ಇದೆ, ಹಾಗಾಗಿ ಹೆಸರು ಬರೆದಿಲ್ಲ. ದಯವಿಟ್ಟು ಫೋನ್ ಮಾಡಿಯೂ ಕೇಳಬೇಡಿ.