ಮಗಳ ಕಾನ್ವೆಂಟು, ಮಗನ ಇಗರ್ಜಿ ಶಾಲೆ: ಎರಡಕ್ಕೂ ಮಕ್ಕಳನ್ನು ಕಳಿಸಿದವಳ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಗರ್ಜಿ ಶಾಲೆಯೇ, ಅಂದರೆ ಚರ್ಚಿನ ಶಾಲೆಯೇ ಇಷ್ಟ. ಕೊನೆಗೆ "ಎರಡೂ ಅವರವರ ಮಟ್ಟಿಗೆ ಒಳ್ಳೆಯದೇ" ಅಂತ ಮುಗಿಸುತ್ತಾಳೆ ಅಂದುಕೊಂಡು ಓದುತ್ತಿದ್ದರೆ, ಇಲ್ಲ ಮಾರಾಯ್ರೆ. ಎರಡು ಕಡೆಯೂ ಮಕ್ಕಳನ್ನು ಕಳಿಸಿದ್ದೇನೆ. ಎರಡು ಕಡೆಯೂ ಪೋಷಕರ ಮೀಟಿಂಗಿನಲ್ಲಿ ಚಿಕ್ಕ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತಿದ್ದೇನೆ.

ಒಂದು, ಮಂಗಳೂರು ಪೇಟೆಯ ದೊಡ್ಡ ಕಾನ್ವೆಂಟು. ಇಂಗ್ಲಿಷ್ ಮೀಡಿಯಂ, ಸಿಸ್ಟರ್‌ಗಳು ನಡೆಸುವುದು. ಇನ್ನೊಂದು ನಮ್ಮ ಊರಿನ ಇಗರ್ಜಿಯ ಪಕ್ಕದ ಅನುದಾನಿತ ಕನ್ನಡ ಶಾಲೆ, 1ರಿಂದ 7ರ ತನಕ. ವಿಗಾರರೇ, ಅಂದರೆ ಇಗರ್ಜಿಯ ಮುಖ್ಯ ಫಾದರೇ ಸಂಚಾಲಕರು. ಎರಡರ ಹೆಸರೂ ಬರೆಯುವುದಿಲ್ಲ, ಇಬ್ಬರೂ ನಾಳೆ ಪೂಜೆಯಲ್ಲಿ ಸಿಗುವವರು.

ಕಾನ್ವೆಂಟು ಆರಿಸಿದ್ದು ನಾನೇ. ಮಂಗಳೂರಿನಲ್ಲಿ ಕ್ಯಾಥೊಲಿಕ್ ಶಾಲೆ ಅಂದರೆ ಹಾಗೆಯೇ, ಸಂತ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ. ಅಂದಿನಿಂದ ಯಾವ ಜಾತಿ, ಯಾವ ಧರ್ಮದ ಮನೆಯಲ್ಲಿ ಕೇಳಿದರೂ ಒಬ್ಬರಾದರೂ ಫಾದರ್ ಹತ್ತಿರವೋ ಸಿಸ್ಟರ್ ಹತ್ತಿರವೋ ಓದಿದವರು ಉಂಟು. ಯಜಮಾನರು ಆಗ ಕುವೈತಿನಲ್ಲಿದ್ದರು. ದುಡ್ಡು ಬರುತ್ತಿತ್ತು, ಬಾಡಿಗೆ ಮನೆ ಪೇಟೆಯಲ್ಲೇ ಇತ್ತು. 2023ರಲ್ಲಿ ಅವರ ಕೆಲಸ ಹೋಯಿತು. ನಾವು ಊರಿನ ಮನೆಗೆ ಬಂದೆವು. ಮಗನನ್ನು ಒಂದನೇ ಕ್ಲಾಸಿಗೆ ಇಲ್ಲಿಯ ಶಾಲೆಗೆ ಹಾಕಿದೆವು. ಮಗಳು ಒಂದು ವರ್ಷ ಬಸ್ಸಿನಲ್ಲೇ ಪೇಟೆಗೆ ಹೋಗಿ ಬಂದಳು, 2024ರಿಂದ ಅವಳೂ ಇಲ್ಲಿಗೇ. ಹಾಗಾಗಿ ಒಂದು ಇಡೀ ವರ್ಷ ಒಂದೇ ಮನೆಯಲ್ಲಿ ಎರಡು ಶಾಲೆಯ ಯೂನಿಫಾರ್ಮ್ ಇಸ್ತ್ರಿ ಮಾಡಿದ್ದೇನೆ.

ಕಟ್ಟಡ, ಕಂಪ್ಯೂಟರು, ಲ್ಯಾಬು ಇವನ್ನೆಲ್ಲ ನಾನು ಹೇಳಬೇಕಾಗಿಲ್ಲ, ಅಲ್ವಾ? ಕಾನ್ವೆಂಟೇ ಮುಂದೆ. ಟಾಯ್ಲೆಟ್ ಕೂಡ.

ಈಗ ವಿಷಯಕ್ಕೆ ಬರುತ್ತೇನೆ. 2015ರಲ್ಲಿ ಪೋಪ್ ಫ್ರಾನ್ಸಿಸ್ 'ಲೌದಾತೊ ಸಿ' ಅಂತ ಒಂದು ಪತ್ರ ಬರೆದರು. ಭೂಮಿ ನಮ್ಮೆಲ್ಲರ ಮನೆ, ಅದನ್ನು ಜೋಪಾನ ಮಾಡುವುದೂ ಭಕ್ತಿಯ ಭಾಗವೇ ಅಂತ ಅದರ ಸಾರ. ಅದು ಬಂದ ಮೇಲೆ ನಮ್ಮ ಶಾಲೆಗಳಲ್ಲೆಲ್ಲ ಪರಿಸರದ ಕಾರ್ಯಕ್ರಮ ಜಾಸ್ತಿಯಾಯಿತು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ತನಕ, ಅಂದರೆ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ತನಕ, ಸೃಷ್ಟಿಗಾಗಿ ಪ್ರಾರ್ಥಿಸುವ ಕಾಲ ಅಂತ ಆಚರಿಸುತ್ತಾರೆ. ಬಹಳ ಒಳ್ಳೆಯದು. ಆದರೆ ನನ್ನ ಮಗಳ ನಾಲ್ಕನೇ ಕ್ಲಾಸಿನಲ್ಲಿ ಅದು ನಮ್ಮ ಮನೆಗೆ ಬಂದದ್ದು ವಾಟ್ಸ್ಯಾಪ್ ಮೆಸೇಜಿನ ರೂಪದಲ್ಲಿ, ರಾತ್ರಿ 8:40ಕ್ಕೆ.

"ಬೆಸ್ಟ್ ಔಟ್ ಆಫ್ ವೇಸ್ಟ್." ಕಸದಿಂದ ರಸ. ನಾಡಿದ್ದಿಗೆ ತರಬೇಕಾದದ್ದು: ಒಂದೇ ಅಳತೆಯ ಆರು ಪ್ಲಾಸ್ಟಿಕ್ ಬಾಟ್ಲಿ, ಒಂದು ಥರ್ಮೋಕೋಲ್ ಶೀಟು, ಹಸಿರು ಮಿನುಗು ಪುಡಿ, ಫೆವಿಕಾಲ್, ಪ್ಲಾಸ್ಟಿಕ್ ಹುಲ್ಲು. ವಿಷಯ, ಭೂಮಿ ಬಿಸಿಯಾಗುವುದು.

ನಮ್ಮ ಮನೆಯಲ್ಲಿ ಬಾಟ್ಲಿ ಇಲ್ಲ. ನನಗೆ ಮೊದಲಿಂದಲೂ ಸ್ಟೀಲ್ ಚೊಂಬಿನ ಅಭ್ಯಾಸ. ಕಸ ಅಂತ ಇದ್ದದ್ದು ತೆಂಗಿನ ಗೆರಟೆ, ಹಳೆಯ ಬಟ್ಟೆ ತುಂಡು, ಪೇಪರು. ಗೆರಟೆಯಲ್ಲಿ ಮಾಡಬಹುದಾ ಅಂತ ಗ್ರೂಪಿನಲ್ಲಿ ಕೇಳಿದೆ. "ದಯವಿಟ್ಟು ಲಿಸ್ಟಿನಲ್ಲಿ ಇರುವುದನ್ನೇ ತನ್ನಿ" ಅಂತ ಉತ್ತರ ಬಂತು, ಜೊತೆಗೆ ಕೈಮುಗಿದ ಚಿತ್ರ. ಟೀಚರನ್ನು ಬೈದು ಪ್ರಯೋಜನ ಇಲ್ಲ, ಅವರಿಗೂ ಮೇಲಿನಿಂದ ಬಂದ ಲಿಸ್ಟು.

ಮರುದಿನ ಆರು ಬಾಟ್ಲಿ ಸೋಡಾ ತಂದೆ. ಕಸ ಬೇಕಲ್ಲ, ಅದಕ್ಕೆ. ಆವತ್ತು ರಾತ್ರಿ ನಾನು, ಅತ್ತೆ, ಮಗಳು, ಪಕ್ಕದ ಮನೆಯ ಇಬ್ಬರು ಮಕ್ಕಳು ಕೂತು ಆರು ಬಾಟ್ಲಿ ಕುಡಿದು ಖಾಲಿ ಮಾಡಿದೆವು. ತೇರ್ಸ್ (ಸಂಜೆಯ ಜಪಮಾಲೆ) ಹೊತ್ತಿಗೆ ಅತ್ತೆ ಅರ್ಧ ಪ್ರಾರ್ಥನೆ, ಅರ್ಧ ತೇಗು. ಥರ್ಮೋಕೋಲಿಗೆ ಮೂರು ಅಂಗಡಿ ಸುತ್ತಿದೆ. ಅಲಂಕಾರದ ಥರ್ಮೋಕೋಲು ದೇಶಕ್ಕೆಲ್ಲ ನಿಷೇಧವಾದದ್ದು 2022ರ ಜುಲೈ 1ರಂದು. ಇದು ಅದೇ ವರ್ಷದ ಸೆಪ್ಟೆಂಬರ್. ಮೂರನೆಯ ಅಂಗಡಿಯವರು ಒಮ್ಮೆ ಆಚೆ ಈಚೆ ನೋಡಿ, ಕೌಂಟರಿನ ಅಡಿಯಿಂದ ಒಂದು ಶೀಟು ತೆಗೆದು, ನ್ಯೂಸ್ ಪೇಪರಿನಲ್ಲಿ ಸುತ್ತಿಕೊಟ್ಟರು. ಏನೋ ಕಳ್ಳಬಟ್ಟಿ ತಂದ ಹಾಗೆ ತಂದೆ, ಭೂಮಿ ಉಳಿಸಲಿಕ್ಕೆ! ಒಟ್ಟು ಖರ್ಚು 410 ರೂಪಾಯಿ.

ಮಗಳಿಗೆ ಎರಡನೇ ಬಹುಮಾನ ಬಂತು. ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಕೂಡ ಮಾಡಿದ್ದರು. ಪ್ರದರ್ಶನ ಮುಗಿದ ಮೇಲೆ ಅಷ್ಟೂ ಮಾಡೆಲ್‌ಗಳು ಸೈಕಲ್ ಸ್ಟ್ಯಾಂಡಿನ ಹಿಂದೆ ಗುಡ್ಡೆಯಾಗಿ ಬಿದ್ದವು. ಎರಡು ವಾರ ಕಳೆದು ಹೋದಾಗ ಮಳೆ ಬರುತ್ತಿತ್ತು. ಥರ್ಮೋಕೋಲಿನ ಬಿಳಿ ಕಾಳುಗಳು ಚರಂಡಿಯಲ್ಲಿ ಸಾಲಾಗಿ ತೇಲಿಕೊಂಡು ಹೋಗುತ್ತಿದ್ದವು. ಮಗಳು ನೋಡಿ "ಮಮ್ಮಿ, ಅದರಲ್ಲಿ ನಮ್ಮದೂ ಉಂಟು" ಅಂದಳು. ನನಗೆ ಆ ಶಾಲೆಯ ಮೇಲಿನ ಮನಸ್ಸು ಮುರಿದದ್ದು ಫೀಸಿಗೂ ಅಲ್ಲ, ಬಸ್ಸಿಗೂ ಅಲ್ಲ. ಆ ಒಂದು ಮಾತಿಗೆ.

ಗಿಡ ನೆಡುವ ದಿನವೂ ಇತ್ತು. ಫೋಟೋ ಚೆನ್ನಾಗಿ ಬಂದಿದೆ.

ಈಗ ಇಗರ್ಜಿ ಶಾಲೆ. ಇಲ್ಲಿ ಪರಿಸರ ಅಂತ ಬೋರ್ಡೇ ಇಲ್ಲ. ಮಧ್ಯಾಹ್ನ ಬಿಸಿಯೂಟ, ಕುಚಲಕ್ಕಿ ಅನ್ನ ಮತ್ತು ಸಾಂಬಾರು. ಮೊಟ್ಟೆ ಇರುವ ದಿನ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಊಟ ಆದ ಮೇಲೆ ಮಕ್ಕಳು ತಟ್ಟೆ ತೊಳೆಯುವ ನಲ್ಲಿಯ ನೀರು ಒಂದು ಸಣ್ಣ ಕಣಿಯಲ್ಲಿ ಹರಿದು ಬಾಳೆ ಬುಡಕ್ಕೆ ಹೋಗುತ್ತದೆ. ಕಣಿಗೆ ಅನ್ನದ ಅಗುಳು ಬಿದ್ದರೆ ಕಟ್ಟಿಕೊಳ್ಳುತ್ತದೆ, ಅದಕ್ಕೆ ದಿನಕ್ಕೆ ಇಬ್ಬರು ಮಕ್ಕಳು ಕೋಲು ಹಿಡಿದು ಕಾವಲು. ನನ್ನ ಮಗನಿಗೆ ಗುರುವಾರದ ಪಾಳಿ. ಗುರುವಾರ ಅವನು ಜ್ವರ ಬಂದರೂ ರಜೆ ಹಾಕುವುದಿಲ್ಲ. ಬಾಳೆಯ ಆಚೆ ಬಸಳೆ ಚಪ್ಪರ, ಅಲಸಂಡೆ, ನಾಲ್ಕು ಬೆಂಡೆ ಸಾಲು. ಬೆಳೆದದ್ದು ಸಾಂಬಾರಿಗೇ ಹೋಗುತ್ತದೆ. ಹೆಂಚಿನ ಮಾಡಿನ ನೀರು ದಂಬೆಯಲ್ಲಿ ಬಾವಿಗೆ ಇಳಿಯುತ್ತದೆ. ಇದನ್ನೆಲ್ಲ ಯಾರೂ ದೊಡ್ಡ ಸಾಧನೆ ಅಂತ ಮಾಡಿದ್ದಲ್ಲ. ಏಪ್ರಿಲಿನಲ್ಲಿ ಬಾವಿ ಬತ್ತುತ್ತಿತ್ತು, ಸುಮ್ನೆ ಕೂರಲಿಕ್ಕೆ ಆಗಲಿಲ್ಲ, ಮಾಡಿದರು.

ಆಮೇಲೆ ಮೊಂತಿ ಫೆಸ್ತ್. ಕರಾವಳಿಯವರಲ್ಲದವರಿಗೆ ಹೇಳುತ್ತೇನೆ: ಸೆಪ್ಟೆಂಬರ್ 8, ಮರಿಯಮ್ಮನ ಹುಟ್ಟುಹಬ್ಬ, ನಮಗೆ ಅದೇ ತೆನೆ ಹಬ್ಬ. ಫರಂಗಿಪೇಟೆಯ ಗುಡ್ಡದ ಮೊಂತೆ ಮರಿಯಾನೊ ಇಗರ್ಜಿಯ ಜೊತೆ ಸೇರಿಕೊಂಡು ಬಂದ ಹೆಸರು, ಮೊಂತೆ ಅಂದರೆ ಗುಡ್ಡ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಮಕ್ಕಳು ದಿನಾ ಹೂ ತಂದು ಮಾತೆಗೆ ಅರ್ಪಿಸಬೇಕು. ಎಂಟರಂದು ಹೊಸ ತೆನೆಯ ಆಶೀರ್ವಾದ, ಮಕ್ಕಳಿಗೆ ಕಬ್ಬು. ಮನೆಯಲ್ಲಿ ಬಾಳೆ ಎಲೆಯಲ್ಲಿ ಸಸ್ಯಾಹಾರ, ಪಲ್ಯಗಳ ಲೆಕ್ಕ ಬೆಸ ಸಂಖ್ಯೆಯಲ್ಲಿ. ಹೊಸ ಭತ್ತದ ನಾಲ್ಕು ಕಾಳು ಸುಲಿದು ತೆಂಗಿನ ಹಾಲಿಗೆ ಹಾಕಿ ಎಲ್ಲರೂ ಕುಡಿಯುವುದು.

ಕಾನ್ವೆಂಟಿನಲ್ಲಿ ಈ ಹಬ್ಬಕ್ಕೆ ಮಗುವಿಗೆ 50 ರೂಪಾಯಿ ಹೂವಿನ ಹಣ. ಹೂ ಬರುವುದು ಮಾರ್ಕೆಟಿನಿಂದ, ಒಂದೊಂದು ಗುಲಾಬಿಗೂ ಒಂದೊಂದು ಪ್ಲಾಸ್ಟಿಕ್ ಅಂಗಿ. ಇಲ್ಲಿ ಹೂ ಬರುವುದು ಬೇಲಿಯಿಂದ. ದಾಸವಾಳ, ಕೇಪಳ, ಗೌರಿ ಹೂ, ನಂದಿಬಟ್ಟಲು, ಏನು ಸಿಕ್ಕಿದರೆ ಅದು. ನಾಲ್ಕನೇ ದಿನಕ್ಕೆ ಬೇಲಿ ಬೋಳಾಗುತ್ತದೆ. ಆಗ ಮಕ್ಕಳು ಪಕ್ಕದ ಮನೆಗಳಿಗೆ ನುಗ್ಗುತ್ತಾರೆ. ನಮ್ಮ ಶಾಲೆಯಲ್ಲಿ ಕ್ಯಾಥೊಲಿಕ್ ಮಕ್ಕಳು ಕಾಲು ಭಾಗ ಕೂಡ ಇಲ್ಲ, ಆದರೆ ಹೂ ತರುವುದು ಎಲ್ಲರೂ. ಮಗನ ದೋಸ್ತಿಯ ಅಮ್ಮ ಬೆಳಿಗ್ಗೆ ದೇವರಿಗೆ ಅಂತ ಕೊಯ್ದ ದಾಸವಾಳದಲ್ಲಿ ಐದು ತೆಗೆದಿಟ್ಟು "ಇದು ನಿಮ್ಮ ಅಮ್ಮನಿಗೆ" ಅಂತ ಕೊಡುತ್ತಾರೆ. ಅವರ ಮನೆಯಲ್ಲಿ ನವರಾತ್ರಿ ಹೊತ್ತಿಗೆ ತೆನೆ ಕಟ್ಟುವಾಗ ನನ್ನ ಮಗ ಅಲ್ಲಿ ಪಾಯಸಕ್ಕೆ ಹಾಜರು.

ತೆನೆಯೂ ಶಾಲೆಯದ್ದೇ. ಇಗರ್ಜಿಯ ಗದ್ದೆಯ ಒಂದು ತುಂಡಿಗೆ ಜೂನಿನ ಮೊದಲ ಮಳೆಗೇ ಬೇಗ ಬರುವ ಭತ್ತ ಬಿತ್ತುತ್ತಾರೆ. ತಡವಾದರೆ ಎಂಟನೇ ತಾರೀಕಿಗೆ ತೆನೆ ಬಲಿಯುವುದಿಲ್ಲ. ಆಗಸ್ಟಿನಲ್ಲಿ ಹಾಲುಗಾಳಿನ ಹೊತ್ತಿಗೆ ಹಕ್ಕಿಗಳ ಕಾಟ, ದೊಡ್ಡ ಕ್ಲಾಸಿನವರು ತಗಡು ಬಡಿದು ಓಡಿಸಬೇಕು. ಕಾನ್ವೆಂಟಿನಿಂದ ಬಂದ ನನ್ನ ಮಗಳು ಮೊದಲ ಸಲ ಗದ್ದೆಗೆ ಇಳಿದ ದಿನ ಚಪ್ಪಲಿ ಕೆಸರಲ್ಲಿ ಹೂತುಹೋಗಿ ಅತ್ತುಕೊಂಡು ಬಂದಳು. ಚಪ್ಪಲಿ ಸಿಗಲೇ ಇಲ್ಲ. ಆ ಸೆಪ್ಟೆಂಬರಿನಲ್ಲಿ ಫಾದರ್ ತೆನೆಗೆ ತೀರ್ಥ ಪ್ರೋಕ್ಷಣೆ ಮಾಡುವಾಗ ಅವಳು ನನ್ನ ಕೈ ಜಗ್ಗಿ "ಆ ಬದಿಯದ್ದು ನಾನು ಕಾದದ್ದು" ಅಂದಳು. ಲೌದಾತೊ ಸಿ ಅಂದರೆ ಏನು ಅಂತ ಕೇಳಿದರೆ ಅವಳಿಗೆ ಈಗಲೂ ಗೊತ್ತಿಲ್ಲ. ಕಾನ್ವೆಂಟಿನ ಮಕ್ಕಳು ಅದರ ಮೇಲೆ ಐದು ನಿಮಿಷ ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಾರೆ. ನಿಮಗೆ ಭಾಷಣ ಬೇಕಾದರೆ ಅಲ್ಲಿಗೆ ಹೋಗಿ.

ಭಕ್ತಿಯ ಪಾಠದಲ್ಲಿ ಮಾತ್ರ ಕಾನ್ವೆಂಟಿಗೇ ಹೆಚ್ಚು ಮಾರ್ಕು, ಇದನ್ನು ಒಪ್ಪಬೇಕು. ಕ್ರೈಸ್ತ ಶಿಕ್ಷಣದ ಪೀರಿಯಡ್ ಅಲ್ಲಿ ಟೈಮ್ ಟೇಬಲಿನಲ್ಲೇ ಇತ್ತು. ಸಿಸ್ಟರ್ ಚೆನ್ನಾಗಿ ಕಲಿಸುತ್ತಿದ್ದರು. ಮಗಳ ಪಯ್ಲೊ ಕುಮ್ಗಾರ್ (ಮೊದಲ ಪರಮಪ್ರಸಾದ) ತಯಾರಿ ಅವರಿಂದಲೇ ಆದದ್ದು. ಇಲ್ಲಿ ದೊತೊರ್ನ್, ಅಂದರೆ ಅದೇ ಧರ್ಮದ ಪಾಠ, ಭಾನುವಾರ ಪೂಜೆಯ ನಂತರ. ಕಲಿಸುವ ಹುಡುಗ ಕಾಲೇಜಿಗೆ ಹೋಗುವವನು, ಒಳ್ಳೆಯವನೇ, ಆದರೆ ಎಲ್ಲಾದರೂ ವಾಲಿಬಾಲ್ ಟೂರ್ನಮೆಂಟ್ ಇದ್ದರೆ ಆ ವಾರ ಕ್ಲಾಸಿಲ್ಲ. ನನ್ನ ಮಗನಿಗೆ ಹತ್ತು ಆಜ್ಞೆಗಳಲ್ಲಿ ಏಳು ಬರುತ್ತವೆ. ಯಾವ ಮೂರು ಬರುವುದಿಲ್ಲ ಅಂತ ಹೇಳುವುದು ಬೇಡ.

ಆದರೆ ಅದೇ ಕಾನ್ವೆಂಟಿನ ಪೀರಿಯಡ್‌ನಲ್ಲಿ ಇನ್ನೊಂದು ಆಗುತ್ತಿತ್ತು. ಬೆಲ್ ಹೊಡೆದ ಕೂಡಲೇ ಕ್ಲಾಸು ಎರಡಾಗುತ್ತದೆ. ಕ್ಯಾಥೊಲಿಕ್ ಮಕ್ಕಳು ಒಂದು ಕೋಣೆಗೆ, ಉಳಿದವರು ಮೌಲ್ಯ ಶಿಕ್ಷಣ ಅಂತ ಇನ್ನೊಂದು ಕೋಣೆಗೆ. ಅವರಿಗೆ ನಮ್ಮ ಪಾಠ ಹೇರಬಾರದು, ಅದು ಸರಿಯೇ. ಆದರೂ ಒಂದೇ ಬೆಂಚಿನವರು ದಿನಾ ಬೆಳಿಗ್ಗೆ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುವುದು ನನಗೆ ಒಂಥರಾ ಅನಿಸುತ್ತಿತ್ತು. ಇಲ್ಲಿ ಬೆಳಿಗ್ಗೆ ಎಲ್ಲರಿಗೂ ಒಂದೇ ಪ್ರಾರ್ಥನೆ, ಎಲ್ಲರಿಗೂ ಬರುವ ಒಂದು ಹಾಡು. ನಮ್ಮದು ಭಾನುವಾರಕ್ಕೆ.

ಕಷ್ಟಕ್ಕೆ ಆಗುವುದರಲ್ಲಿ ಇಗರ್ಜಿ ಶಾಲೆಗೆ ಸಾಟಿ ಇಲ್ಲ. ಯಜಮಾನರ ಕೆಲಸ ಹೋದ ಸುದ್ದಿ ಮನೆಯಿಂದ ಹೊರಗೆ ಹೋಗುವ ಮೊದಲೇ ವಾಡೊದ ಗುರ್ಕಾರರಿಗೆ (ಇಗರ್ಜಿಯ ನಮ್ಮ ವಾರ್ಡಿನ ಮುಖಂಡರಿಗೆ) ಗೊತ್ತಾಗಿತ್ತು. ಜೂನಿನಲ್ಲಿ ಮಗನ ನೋಟ್‌ಬುಕ್ಕು, ಕೊಡೆ ಎಲ್ಲ ಬಡವರಿಗೆ ನೆರವಾಗುವ ಇಗರ್ಜಿಯ ವಿನ್ಸೆಂಟ್ ದಿ ಪಾವ್ಲ್ ಸಭೆಯವರಿಂದ ಬಂತು. ಯಾರಿಗೆ ಕೊಟ್ಟರು ಅಂತ ಎಲ್ಲಿಯೂ ಹೇಳಲಿಲ್ಲ. ಇಂಥ ಊರಿನಲ್ಲಿ ಗುಟ್ಟು ಉಳಿಯುವುದೇ ಇಲ್ಲ, ಅದೇ ಒಂದು ತೊಂದರೆ ಕೂಡ. ಮಗ ಗಣಿತದಲ್ಲಿ ಫೇಲಾದದ್ದು ನನಗಿಂತ ಮೊದಲು ಮೀನಿನ ಅಕ್ಕನಿಗೆ ಗೊತ್ತಿತ್ತು.

ಇಗರ್ಜಿ ಶಾಲೆಯ ಕೊರತೆ ಮುಚ್ಚಿಡುವುದಿಲ್ಲ. ನಿವೃತ್ತರಾದ ಟೀಚರ ಜಾಗಕ್ಕೆ ಸರಕಾರದಿಂದ ಯಾರೂ ಬಂದಿಲ್ಲ, ಹಳೆ ವಿದ್ಯಾರ್ಥಿ ಸಂಘದವರು ಸಂಬಳ ಕೊಟ್ಟು ಇಬ್ಬರು ಗೌರವ ಶಿಕ್ಷಕಿಯರನ್ನು ಇಟ್ಟಿದ್ದಾರೆ. ಒಂದನೇ ಕ್ಲಾಸಿಗೆ ಈ ವರ್ಷ 11 ಮಕ್ಕಳು. ಮಗಳಿಗೆ ಮೊದಲ ಆರು ತಿಂಗಳು ನರಕ, ಇಂಗ್ಲಿಷಿನಲ್ಲಿ ಬಾಯಿಪಾಠ ಇದ್ದ ವಿಜ್ಞಾನ ಇದ್ದಕ್ಕಿದ್ದಂತೆ 'ದ್ಯುತಿಸಂಶ್ಲೇಷಣೆ' ಆಯಿತು. ಆ ಪದ ಬರೆಯಲಿಕ್ಕೇ ಅವಳಿಗೆ ಒಂದು ವಾರ ಬೇಕಾಯಿತು. ನನಗೂ ಅಷ್ಟೇ.

ದುಡ್ಡಿನ ಲೆಕ್ಕ: ಕಾನ್ವೆಂಟಿಗೆ ಕೊನೆಯ ವರ್ಷ ಫೀಸು, ಬಸ್ಸು, ಪ್ರಾಜೆಕ್ಟು ಸೇರಿ 61 ಸಾವಿರ ಹೋಯಿತು. ಇಲ್ಲಿ ಇಬ್ಬರಿಗೂ ಸೇರಿ ವರ್ಷಕ್ಕೆ ನಾಲ್ಕು ಸಾವಿರ ದಾಟಿಲ್ಲ, ಮೊಂತಿ ಫೆಸ್ತಿಗೆ ಶಾಲೆಗೆ ಕೊಟ್ಟ ಕಬ್ಬಿನ ಕಟ್ಟು ಬಿಟ್ಟು. ನಾನು ಮನೆಯಲ್ಲಿ ಬಟ್ಟೆ ಹೊಲಿಯುವವಳು, ಮಧ್ಯಾಹ್ನ ಶಾಲೆಗೆ ನಡೆದು ಹೋಗಿ ಬರಬಲ್ಲೆ. ನಿಮ್ಮದು ಪೇಟೆಯಲ್ಲಿ ಆಫೀಸ್ ಕೆಲಸ, ಎರಡು ಸಂಬಳ, ಆಗಾಗ ವರ್ಗ ಆಗುವುದು ಅಂತಾದರೆ ನನ್ನ ಮಾತು ಕೇಳಬೇಡಿ, ಕಾನ್ವೆಂಟಿಗೇ ಹಾಕಿ. ಗೆರಟೆಯ ವಿಷಯ ಮಾತ್ರ ಮೊದಲೇ ಕೇಳಿಕೊಳ್ಳಿ.

ಮಗಳು ಈಗ ಏಳನೇ ಕ್ಲಾಸು. ಇಲ್ಲಿ ಎಂಟು ಇಲ್ಲ, ಜೂನಿನಿಂದ ಮತ್ತೆ 7:10ರ ಬಸ್ಸು. ಮೊನ್ನೆ ಪೇಟೆಯ ಇನ್ನೊಂದು ಹೈಸ್ಕೂಲಿಗೆ ಅರ್ಜಿ ತರಲು ಹೋಗಿದ್ದೆ. ಆಫೀಸಿನಲ್ಲಿ ಫೀಸು ಕೇಳಲಿಲ್ಲ, ಬಸ್ಸು ಕೇಳಲಿಲ್ಲ. "ನಿಮ್ಮಲ್ಲಿ ಬೆಸ್ಟ್ ಔಟ್ ಆಫ್ ವೇಸ್ಟ್ ಉಂಟಾ?" ಅಂತ ಕೇಳಿದೆ. ಕ್ಲರ್ಕ್ ನಕ್ಕು, "ಸೆಪ್ಟೆಂಬರಿನಲ್ಲಿ" ಅಂದರು. ಈಗಿನಿಂದಲೇ ಬಾಟ್ಲಿ ಕೂಡಿಡಲಾ ಅಂತ ಅತ್ತೆ ಕೇಳುತ್ತಿದ್ದಾರೆ.